ರಸ್ತೆಗೆ ಕಾಣುವ ಕಿಟಕಿ

ಆ ಪಟ್ಟಿ ಬರೆದವಳು ನಾನು. ಯಾರೂ ಕದಿಯಲಿಲ್ಲ. ಯಾರೂ ಬೆದರಿಸಿ ಬರೆಸಲಿಲ್ಲ. ಇಪ್ಪತ್ತೆಂಟು ಮನೆಗಳ ಒಳಗನ್ನು ನನ್ನ ದುಂಡು ಅಕ್ಷರದಲ್ಲಿ ಬರೆದಿಟ್ಟು, ಆ ಪುಸ್ತಕವನ್ನು ನಾನೇ ಆಫೀಸಿಗೆ ಒಯ್ದು ಕೊಟ್ಟೆ. ಕೊಟ್ಟಮೇಲೆ ಥ್ಯಾಂಕ್ಸ್ ಹೇಳಿದವಳೂ ನಾನೇ.

ಮರುಭೂಮಿಯ ನಡುವಿನ ಫೀನಿಕ್ಸ್ ನಗರದ ಒಂದು ಶಾಲೆಯಲ್ಲಿ ಮೂವತ್ತೊಂದು ವರ್ಷ ಮೂರನೇ ತರಗತಿಗೆ ಪಾಠ ಹೇಳಿದೆ. ಹೆಸರು ಎರ್ಮಿನಿಯಾ ಬರಾಸಾ. ವಯಸ್ಸು ಎಪ್ಪತ್ನಾಲ್ಕು. ಇಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಟೀಚರ್ ಅನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಈ ಪಾರ್ಕಿಗೆ ಬಂದೆ. ಪಾರ್ಕ್ ಎಂದು ಹೆಸರು ಮಾತ್ರ, ಹುಲ್ಲಿಲ್ಲ, ಮರವಿಲ್ಲ. ತಗಡಿನ ಮನೆಗಳ ನಾಲ್ಕು ಸಾಲು. ಒಂದು ಕಾಲಕ್ಕೆ ಚಕ್ರದ ಮೇಲೆ ಓಡಾಡಿದ ಮನೆಗಳು. ಈಗ ಚಕ್ರ ತುಕ್ಕು ಹಿಡಿದು ಇಟ್ಟಿಗೆಯ ಮೇಲೆ ಕೂತಿವೆ. ಮನೆ ನಮ್ಮದು, ನೆಲ ಕಂಪನಿಯದು. ನೆಲ ಬಿಡಿ ಎಂದರೆ ಮನೆಯನ್ನು ಎಳೆದುಕೊಂಡು ಹೋಗಬೇಕು. ಎಳೆದರೆ ಮುರಿಯುತ್ತದೆ. ಇಷ್ಟು ಹಳೆಯದನ್ನು ಬೇರೆ ಯಾವ ಪಾರ್ಕಿನವರೂ ಒಳಗೆ ಬಿಡುವುದಿಲ್ಲ. ಮೂರು ನೋಟೀಸು ಬಂದರೆ ಮುಗಿಯಿತು. ಹಾಗಾಗಿ ಇಲ್ಲಿ ಗಟ್ಟಿ ಮನುಷ್ಯರೂ ಕಾಗದ ಕಂಡರೆ ಮೆತ್ತಗಾಗುತ್ತಾರೆ.

ಜುಲೈಯಲ್ಲಿ ನಲವತ್ತಾರು, ನಲವತ್ತೇಳು ಡಿಗ್ರಿ. ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರು ಬರುತ್ತದೆ. ಬಾಗಿಲ ಹಿಡಿಗೆ ಬಟ್ಟೆ ಸುತ್ತುತ್ತೇವೆ. ಮೂಲೆ ಮನೆಯ ಚೆಮಾ ಅಜ್ಜ ಆರು ವರ್ಷದ ಹಿಂದೆ ರಸ್ತೆಯಲ್ಲಿ ಎಡವಿ ಬಿದ್ದ. ಎಬ್ಬಿಸಲು ಜನ ಬರುವಷ್ಟರಲ್ಲಿ ನಾಲ್ಕು ನಿಮಿಷ. ಅಷ್ಟರಲ್ಲೇ ಅಂಗೈಯ ಚರ್ಮ ಡಾಂಬರಿಗೆ ಅಂಟಿ ಕಿತ್ತುಬಂದಿತ್ತು. ಸೂರ್ಯ ಮುಳುಗಿದರೂ ತಗಡು ತಣಿಯುವುದಿಲ್ಲ. ನಾವು ಚಿಕ್ಕವರಿದ್ದಾಗ ಹೀಗಿರಲಿಲ್ಲ. ಸಂಜೆಯಾದರೆ ಮಂಚ ಹೊರಗೆ ಹಾಕಿದರೆ ನಿದ್ದೆ ಬರುತ್ತಿತ್ತು. ಈಗ ಹೊರಗೂ ಬೇಯುತ್ತೇವೆ.

ಹಾಜರಿ ಶುರುವಾದದ್ದು ಐದು ಬೇಸಿಗೆಯ ಹಿಂದೆ. ಒಂಬತ್ತನೇ ನಂಬರಿನಲ್ಲಿ ಒಬ್ಬನೇ ಇದ್ದ ಮುದುಕ ಸತ್ತು ಮೂರು ದಿನವಾಗಿತ್ತು. ವಾಸನೆ ಬಂದ ಮೇಲೆ ನಮಗೆ ಗೊತ್ತಾಯಿತು. ಅವನ ಕೂಲರ್ ಕೆಟ್ಟು ವಾರವಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಮರುದಿನ ನಾನು ಅಂಗಡಿಗೆ ಹೋಗಿ ಶಾಲೆಯವರು ಇಡುವಂಥ ಹಾಜರಿ ಪುಸ್ತಕ ತಂದೆ. ಬೆಳಿಗ್ಗೆ ಐದೂವರೆಗೆ ಒಂದು ಸುತ್ತು, ಸಂಜೆ ಆರೂವರೆಗೆ ಇನ್ನೊಂದು. ಬಾಗಿಲು ಬಡಿದು ಹೆಸರು ಕೂಗುವುದು. ಒಳಗಿನಿಂದ ಹಾಜರ್ ಎಂದರೆ ಗೆರೆ ಎಳೆದು ಮುಂದೆ ಹೋಗುವುದು. ಉತ್ತರ ಬಾರದಿದ್ದರೆ ಬಾಗಿಲು ತೆಗೆದು ನೋಡುವುದು. ಅದಕ್ಕೆಂದು ಎಲ್ಲರೂ ಮೆಟ್ಟಿಲ ಪಕ್ಕದ ಹೂಕುಂಡದ ಅಡಿ ಒಂದು ಬೀಗದ ಕೈ ಇಟ್ಟಿದ್ದರು.

ಮೊದಮೊದಲು ನಗುತ್ತಿದ್ದರು. ಚೆಮಾ ಅಜ್ಜನಿಗೆ ಎಂಬತ್ತೊಂದು. ಹೆಸರು ಕೂಗಿದರೆ, "ಇವತ್ತೂ ಸತ್ತಿಲ್ಲ ಟೀಚರ್, ನಾಳೆ ಬಂದು ನೋಡಿ" ಎನ್ನುವನು. ಒಮ್ಮೆ, ಮನೆಪಾಠ ಮಾಡಿಲ್ಲ, ಹೊಡೀಬೇಡಿ ಎಂದು ಕಿಟಕಿಯಿಂದ ಕೈ ಚಾಚಿದ. ಆ ಸುಟ್ಟ ಕಲೆಯ ಕೈ.

ಬರೀ ಗೆರೆ ಸಾಲದು ಎಂದು ಆಮೇಲೆ ವಿವರವನ್ನೂ ಬರೆದುಕೊಳ್ಳತೊಡಗಿದೆ. ಯಾರಿಗೆ ಯಾವ ಕಾಯಿಲೆ, ಯಾವ ಮಾತ್ರೆ. ಯಾರ ಮನೆಯಲ್ಲಿ ಏನು ತಂಪಿನ ವ್ಯವಸ್ಥೆ. ಯಾರ ಹತ್ತಿರ ತಂಗಿಯೋ ಮೊಮ್ಮಗಳೋ ಬಂದು ಉಳಿದಿದ್ದಾರೆ. ಆಂಬುಲೆನ್ಸಿನವರು ಕೇಳಿದರೆ ಒಂದೇ ಉಸಿರಿಗೆ ಹೇಳಬೇಕಲ್ಲ. ಜನ ನನಗೆ ಎಲ್ಲ ಹೇಳಿದರು. ಮಕ್ಕಳಿಗೆ ಹೇಳದ್ದನ್ನೂ ಹೇಳಿದರು.

ಇಪ್ಪತ್ತೇಳನೇ ನಂಬರಿನ ಪುಟ ನನಗೆ ಬಾಯಿಪಾಠ. ತರಾಂಗೊ ಗಂಡಹೆಂಡತಿ. ಪಶ್ಚಿಮದ ಗೋಡೆಗೆ ಮೂರು ತಗಡು, ತಂತಿಯಿಂದ ಬಿಗಿದ ನೆರಳು. ಮಲಗುವ ಕೋಣೆಯ ಕಿಟಕಿಗೆ ಎ.ಸಿ., ರಸ್ತೆಯ ಕಡೆ. ಅಂಪಾರೊಗೆ ಸಕ್ಕರೆ ಕಾಯಿಲೆ, ಮೂತ್ರಪಿಂಡ ಅರ್ಧ ಕೆಲಸ ಮಾಡುತ್ತಿದೆ, ಬಿಸಿ ಕೋಣೆಯಲ್ಲಿ ಬಿಡಕೂಡದು. ಹೀಗೆ ಮೂರು ಸಾಲು.

ಅಂಪಾರೊಳ ಹಿರಿಯ ಮಗನಿಗೆ ನಾನು ಜ್ಞಾನತಾಯಿ, ಚರ್ಚಿನಲ್ಲಿ ಅವನಿಗೆ ಹೆಸರಿಡುವಾಗ ಎತ್ತಿ ಹಿಡಿದವಳು. ಹಾಗಾಗಿ ಅವಳಿಗೆ ನಾನು ಟೀಚರ್ ಅಲ್ಲ, ಕೊಮಾದ್ರೆ. ಮಗುವನ್ನು ಹಂಚಿಕೊಂಡ ಹೆಂಗಸರು ಒಬ್ಬರನ್ನೊಬ್ಬರು ಹಾಗೆ ಕರೆಯುವುದು. ಅವಳ ಗಂಡ ಕುಕೊ ನಲವತ್ತು ವರ್ಷದಿಂದ ಚಾವಣಿ ಕೆಲಸದವನು. ಬೆಳಗಿನ ಜಾವ ಎದ್ದು ನಾಲ್ಕಕ್ಕೆಲ್ಲ ಕಂಡವರ ಮನೆಯ ಮೇಲಿರುತ್ತಾನೆ. ಹನ್ನೊಂದಕ್ಕೆ ಇಳಿಯದಿದ್ದರೆ ಬೂಟಿನ ಅಡಿ ಕರಗುತ್ತದೆ. ಮುಂಗೈ ತುಂಬ ಡಾಂಬರಿನ ಹನಿ ಬಿದ್ದ ಕಲೆ. ಮಂಡಿ ಎರಡೂ ಹೋಗಿವೆ. ಈ ಊರಿನಲ್ಲಿ ಎಷ್ಟು ಮನೆ ತಣ್ಣಗಿರಲಿ ಎಂದು ಅವನು ಬೆಂದಿದ್ದಾನೋ ಲೆಕ್ಕವಿಲ್ಲ.

ಆ ಎ.ಸಿ. ಅವನಿಗೆ ಹಾಗೆಯೇ ಸಿಕ್ಕಿದ್ದು. ಕೆಲಸಕ್ಕೆ ಹೋದ ಮನೆಯೊಂದರ ಮುದುಕಿ, ಗ್ಯಾರೇಜಿನಲ್ಲಿ ಸುಮ್ಮನೆ ಬಿದ್ದಿದೆ, ತಗೊಂಡು ಹೋಗಪ್ಪ ಎಂದಳಂತೆ. ಹೊರುವಾಗ ಸೊಂಟಕ್ಕೆ ತಾಗೀತೆಂದು ತನ್ನ ಹಳೆಯ ರಜಾಯಿಯನ್ನೂ ಕೊಟ್ಟು ಕಳಿಸಿದಳಂತೆ. ಅವಳ ಹೆಸರು ಕುಕೊಗೆ ಗೊತ್ತಿಲ್ಲ. ಅಂಪಾರೊ ಮಾತ್ರ ಪ್ರಾರ್ಥನೆಯಲ್ಲಿ ಅವಳನ್ನು ರಜಾಯಿ ಅಮ್ಮ ಎಂದು ನೆನೆಯುವಳು.

ಎ.ಸಿ. ಯಾಕೆ ಬೇಕು, ಚಾವಣಿಯ ಮೇಲೆ ಕೂಲರ್ ಇದೆಯಲ್ಲ ಎಂದು ಹೊರಗಿನವರು ಕೇಳುತ್ತಾರೆ. ಕೂಲರ್ ಎಂದರೆ ಒದ್ದೆ ಹುಲ್ಲಿನ ಮೆತ್ತೆಯ ಮೂಲಕ ಗಾಳಿ ಊದುವ ಪೆಟ್ಟಿಗೆ. ಮೇ, ಜೂನಿನ ಒಣ ಬಿಸಿಲಿಗೆ ಅದು ಸಾಕು. ಜುಲೈಯಲ್ಲಿ ಮೋಡ ಕಟ್ಟಿ ಗಾಳಿ ಒದ್ದೆಯಾದ ದಿನ ಅದು ಸತ್ತ ಹಾಗೆ. ಓಡುತ್ತಲೇ ಇರುತ್ತದೆ, ಹಬೆ ಊದುತ್ತದೆ. ಗೋಡೆ ಬೆವರುತ್ತದೆ, ಮೈ ಬೆವರು ಆರುವುದಿಲ್ಲ. ಸಾಯುವವರು ಆ ದಿನಗಳಲ್ಲೇ ಸಾಯುವುದು. ಇದು ಈ ಪಾರ್ಕಿನ ಪ್ರತಿ ಮಗುವಿಗೂ ಗೊತ್ತು. ಕಂಪನಿಗೆ ಗೊತ್ತಿಲ್ಲ. ಅದರ ಕಾಗದದಲ್ಲಿ ಪ್ರತಿ ಮನೆಗೂ ತಂಪಿನ ವ್ಯವಸ್ಥೆ ಇದೆ.

ಏಪ್ರಿಲಿನಲ್ಲಿ ಪಾರ್ಕ್ ಹೊಸ ಕಂಪನಿಯ ಕೈಗೆ ಹೋಯಿತು. ಮ್ಯಾನೇಜರ್ ಆಗಿ ನೆರೈದಾ ಬಂದಳು. ನಲವತ್ತರ ಹೆಂಗಸು, ನಮ್ಮ ಕಡೆಯವಳು, ಗಡಿಯಾಚೆ ಸೊನೋರಾದಲ್ಲಿ ಹುಟ್ಟಿದವಳು. ಹಿಂದಿನ ಮ್ಯಾನೇಜರ್ ಕಾರಿನಿಂದ ಇಳಿಯುತ್ತಿರಲಿಲ್ಲ. ಇವಳು ನಡೆದುಕೊಂಡು ಬಂದಳು. ಭಾನುವಾರ ಮುದುಕರ ಮನೆಗಳಿಗೆ ಒಂದೊಂದು ಚೀಲ ಐಸ್ ಹಂಚಿದಳು. ಬೀದಿ ಬೆಕ್ಕುಗಳಿಗೆ ಮಡಕೆಯಲ್ಲಿ ನೀರಿಟ್ಟಳು. ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋದಳು. ಕಾರು ಹತ್ತುವ ಮೊದಲು ಸೀಟಿನ ಮೇಲೆ ಒದ್ದೆ ಟವೆಲ್ ಹಾಸಿದಳು, ನನ್ನ ತೊಡೆ ಸುಡಬಾರದೆಂದು. ಇಂಥವು ನನ್ನ ಕಣ್ಣಿಗೆ ಬೇಗ ಬೀಳುತ್ತವೆ. ಮೂವತ್ತೊಂದು ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದೆ, ಯಾರು ಪೆನ್ಸಿಲ್ ಹಂಚಿಕೊಂಡರು ನೋಡಿ ಎಂದು.

ಮೇ ತಿಂಗಳಲ್ಲಿ ನೆರೈದಾ ಹಾಜರಿ ಪುಸ್ತಕದ ಸುದ್ದಿ ಎತ್ತಿದಳು. ಮನೆ ರಿಪೇರಿಗೆ, ಹೊಸ ಎ.ಸಿ.ಗೆ ಸರ್ಕಾರದ ಸಹಾಯ ಬರುತ್ತಂತೆ, ಯಾರಿಗೆ ಏನು ಕೊರತೆ ಎಂದು ಮನೆಮನೆಯ ವಿವರ ಬೇಕಂತೆ. ನಿಮ್ಮ ಹತ್ತಿರ ಎಲ್ಲ ಬರೆದಿದೆಯಂತಲ್ಲ ಟೀಚರ್, ಎರಡು ದಿನ ಕೊಡಿ, ಪ್ರತಿ ಮಾಡಿಕೊಂಡು ಕೊಡುತ್ತೇನೆ ಎಂದಳು. ನಾನು ಯೋಚಿಸಲೂ ಇಲ್ಲ. ಆ ರಾತ್ರಿ ಕೂತು ಹಳೆಯದೆಲ್ಲ ಸರಿ ಮಾಡಿದೆ, ಬಿಟ್ಟುಹೋದದ್ದನ್ನು ತುಂಬಿದೆ. ಬೆಳಿಗ್ಗೆ ಒಯ್ದು ಕೊಟ್ಟೆ.

ಜೂನ್ ಹತ್ತಕ್ಕೆ ನೋಟೀಸು ಬಂತು. ಇಪ್ಪತ್ತೆಂಟರಲ್ಲಿ ಹತ್ತೊಂಬತ್ತು ಮನೆಗೆ. ನಿಯಮಕ್ಕೆ ವಿರುದ್ಧ ಕಟ್ಟಿದ ನೆರಳು. ಒಪ್ಪಿಗೆ ಇಲ್ಲದೆ ಉಳಿದ ಜನ. ರಸ್ತೆಗೆ ಕಾಣುವಂತೆ ಕಿಟಕಿಯಲ್ಲಿ ಯಂತ್ರ. ಪಾರ್ಕಿನ ಅಂದ ಕೆಡುತ್ತದೆ, ಎರಡು ವಾರದೊಳಗೆ ತೆಗೆಯಬೇಕು. ನೋಟೀಸು ಅಂಟಿಸಿದ ಬಾಗಿಲುಗಳ ಮುಂದೆ ಐಸ್ ಚೀಲವೂ ಇತ್ತು. ಅಂದು ಭಾನುವಾರ.

ಅಂಪಾರೊ ತನ್ನ ನೋಟೀಸನ್ನು ನನ್ನ ಹತ್ತಿರ ತಂದಳು. ಕಾಗದ ಬಂದರೆ ಎಲ್ಲರೂ ನನ್ನ ಹತ್ತಿರ ತರುವುದೇ ರೂಢಿ. ಓದಲು ಶುರುಮಾಡಿದೆ. ಪಶ್ಚಿಮದ ಗೋಡೆಗೆ ಮೂರು ತಗಡು, ತಂತಿಯಿಂದ ಬಿಗಿದ ನೆರಳು. ಮಲಗುವ ಕೋಣೆಯ ಕಿಟಕಿಗೆ ಎ.ಸಿ., ರಸ್ತೆಯ ಕಡೆ. ನನ್ನದೇ ವಾಕ್ಯ. ನಾನು ಬರೆದ ಮೂರು ಸಾಲಿನಲ್ಲಿ ಎರಡನ್ನು ತೆಗೆದುಕೊಂಡಿದ್ದರು. ಮೂರನೆಯದನ್ನು ಬಿಟ್ಟಿದ್ದರು.

ಆಫೀಸಿಗೆ ಹೋದೆ. ನೆರೈದಾ ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಮೇಲಿನವರ ತೀರ್ಮಾನ, ತನ್ನ ಕೈಯಲ್ಲಿ ಏನೂ ಇಲ್ಲ ಎಂದಳು. ಅಂಪಾರೊಳ ಆರೋಗ್ಯದ ಮಾತೆತ್ತಿದರೆ, ಆಫೀಸಿನ ಪಕ್ಕದ ಕೋಣೆಯನ್ನು ತಂಪು ಕೋಣೆ ಮಾಡಿದ್ದೇವೆ, ಯಾರು ಬೇಕಾದರೂ ಬಂದು ಕೂರಬಹುದು ಎಂದಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ. ಐದಕ್ಕೆ ಈ ಊರಿನಲ್ಲಿ ಬಿಸಿಲು ಇನ್ನೂ ಸುಡುತ್ತಲೇ ಇರುತ್ತದೆ ಎಂದೆ. ಅವಳಿಗೂ ಗೊತ್ತಿತ್ತು. ತಲೆ ತಗ್ಗಿಸಿದಳು.

ಎರಡು ವಾರ ಕಳೆದು ಕಂಪನಿಯ ಗಂಡಸೊಬ್ಬ ಬಂದ. ಕಾರಿನಿಂದ ಇಳಿಯಲಿಲ್ಲ. ಎಂಜಿನ್ ಓಡುತ್ತಿತ್ತು, ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿದ್ದ. ಆ ಸಂದಿಯಿಂದ ತಣ್ಣನೆ ಗಾಳಿ ನನ್ನ ಮೊಣಕೈಗೆ ತಾಗಿತು. ಕುಕೊ ಅದೇ ಆಗ ಕೆಲಸದಿಂದ ಬಂದಿದ್ದ. ಶರ್ಟಿನ ಮೇಲೆ ಉಪ್ಪು ಬಿಳಿ ಬಿಳಿ ಒಣಗಿತ್ತು. ತಾನು ಬಿಗಿದ ಸ್ಕ್ರೂಗಳನ್ನು ತಾನೇ ಬಿಚ್ಚಿದ. ಅಂಪಾರೊ ಪಕ್ಕದಲ್ಲಿ ನಿಂತು ಅವನ್ನು ಸೆರಗಿನಂತೆ ಹಿಡಿದ ಏಪ್ರನ್ನಿನಲ್ಲಿ ಕೂಡಿಸಿಕೊಂಡಳು. ಕುಕೊ ಎ.ಸಿ. ಹೊತ್ತು ಒಳಗಿಟ್ಟು ಹೊರಗೆ ಬಂದ. ಕಾರಿನವನು, ಸ್ವಲ್ಪ ಪಕ್ಕಕ್ಕೆ ನಿಂತುಕೊಳ್ಳಿ, ಖಾಲಿ ಕಿಟಕಿಯ ಫೋಟೊ ಬೇಕು ಎಂದ. ಕುಕೊ ನಲವತ್ತು ವರ್ಷ ಯಜಮಾನರ ಮಾತು ಕೇಳಿದವನು. ಪಕ್ಕಕ್ಕೆ ನಿಂತ.

ಕಾರು ಹೋದ ಮೇಲೆ ನನ್ನ ಕಡೆ ತಿರುಗಿದ.

"ನಮ್ಮನೆ ಗೋಡೆ ಮೇಲೆ ಎಷ್ಟು ತಗಡಿದೆ ಅಂತ ನಿಮಗ್ಯಾಕೆ ಬೇಕಿತ್ತು ಟೀಚರ್?"

ನಾನು ಸಹಾಯಕ್ಕೆಂದು ಕೊಟ್ಟೆ ಎಂದೆ.

"ಕೇಳ್ಬಹುದಿತ್ತಲ್ಲ. ಓದ್ದೋರು ನೀವು. ನಮ್ಮನ್ನ ಒಂದ್ ಮಾತು ಕೇಳ್ಬಹುದಿತ್ತಲ್ಲ."

ನನಗೆ ಹೊಳೆದೇ ಇರಲಿಲ್ಲ. ಅವರ ಮನೆಯ ಮಾತು ನನ್ನ ಪುಸ್ತಕದಲ್ಲಿದ್ದ ಮಾತ್ರಕ್ಕೆ ನನ್ನದೆಂದುಕೊಂಡಿದ್ದೆ.

ಎ.ಸಿ.ಯನ್ನು ರಜಾಯಿಯಲ್ಲಿ ಸುತ್ತಿ ಅಂಪಾರೊಳ ಮಂಚದ ಕೆಳಗೆ ಇಟ್ಟರು. ಬೇರೆ ಜಾಗವಿರಲಿಲ್ಲ.

ಆಮೇಲೂ ನಾನು ಸುತ್ತು ಬಿಡಲಿಲ್ಲ. ಜನ ಬಿಟ್ಟರು. ಬಾಗಿಲು ಬಡಿದು ಹೆಸರು ಕರೆದರೆ ಒಳಗೆ ಟಿ.ವಿ. ಸದ್ದು ತಗ್ಗುತ್ತಿತ್ತು, ಅಷ್ಟೆ. ಹೂಕುಂಡದ ಅಡಿ ಬೀಗದ ಕೈಗಳು ಇಲ್ಲವಾದವು. ಹದಿನಾಲ್ಕನೇ ನಂಬರಿನವಳು ಕಿಟಕಿಗೆ ದಪ್ಪ ರಟ್ಟು ಹೊಡೆದಳು, ನಾನು ಇಣುಕಬಾರದೆಂದು. ಅವಳ ಜೊತೆಗಿದ್ದ ತಂಗಿ ಮಕ್ಕಳನ್ನು ಕಟ್ಟಿಕೊಂಡು ಎತ್ತಲೋ ಹೋಗಬೇಕಾಗಿ ಬಂದಿತ್ತು. ಚೆಮಾ ಅಜ್ಜ ಮಾತ್ರ ಬಾಗಿಲು ತೆರೆದು ನಿಂತು ನನ್ನ ಮುಖ ನೋಡಿದ. "ಬರ್ಕೊಳ್ಳಿ ಟೀಚರ್. ಚೆಮಾ ಇದ್ದಾನೆ. ಚಡ್ಡಿ ಹರಿದಿದೆ. ಅದನ್ನೂ ಬರ್ಕೊಂಡು ಆಫೀಸಿಗೆ ಕೊಡಿ." ನಗಲಿಲ್ಲ. ಬಾಗಿಲು ಹಾಕಿಕೊಂಡ.

ಅಂಪಾರೊ ಮಾತ್ರ ಉತ್ತರಿಸುತ್ತಿದ್ದಳು. ಗಂಡ ಮನೆಯಲ್ಲಿದ್ದರೆ ಮೆಲ್ಲಗೆ, ಇಲ್ಲದಿದ್ದರೆ ಗಟ್ಟಿಯಾಗಿ, ಹಾಜರ್ ಕೊಮಾದ್ರೆ ಎನ್ನುವಳು.

ಜುಲೈ ಹದಿನೇಳು. ಹಿಂದಿನ ದಿನ ಧೂಳುಗಾಳಿ ಎದ್ದು ನಾಲ್ಕು ಹನಿ ಮಳೆ ಬಿದ್ದಿತ್ತು. ಗಾಳಿ ಒದ್ದೆ ಕಂಬಳಿಯ ಹಾಗಿತ್ತು. ಅಂಥ ದಿನ ಊರಿನಲ್ಲಿ ಸೋರುವ ಚಾವಣಿಗಳ ಕರೆ ಬರುತ್ತದೆ. ಕುಕೊ ಮಧ್ಯಾಹ್ನ ಎರಡಕ್ಕೆ ಮತ್ತೆ ಹೋದ. ಹೆಂಡತಿಯನ್ನು ತಂಪು ಕೋಣೆಗೆ ಬಿಟ್ಟು ಹೋದ. ಐದಕ್ಕೆ ಅದರ ಬಾಗಿಲು ಹಾಕಿದರು. ಅಂಪಾರೊ ಮನೆಗೆ ನಡೆದು ಬಂದಳು.

ಆರೂವರೆಗೆ ನಾನು ಬಾಗಿಲು ಬಡಿದೆ. ಅಂಪಾರೊ ಎಂದೆ. ಉತ್ತರವಿಲ್ಲ. ಮತ್ತೊಮ್ಮೆ ಕರೆದೆ. ಕೂಲರ್ ಗುರುಗುಟ್ಟುತ್ತಿತ್ತು.

ಇವಳೂ ಬಿಟ್ಟಳಲ್ಲ ಎಂದುಕೊಂಡೆ. ಕುಕೊ ಹೇಳಿರಬೇಕು, ಆ ಹೆಂಗಸಿಗೆ ಉತ್ತರ ಕೊಡಬೇಡ ಎಂದು. ಒತ್ತಾಯ ಮಾಡಿ ಅವಳಿಗೆ ಮುಜುಗರ ಕೊಡಬಾರದು ಎನಿಸಿತು. ಮೆಟ್ಟಿಲಿಳಿದು ಮುಂದಿನ ಮನೆಗೆ ಹೋದೆ.

ಕತ್ತಲಾಗುವ ಹೊತ್ತಿಗೆ ಕುಕೊ ನನ್ನ ಹೆಸರು ಹಿಡಿದು ಕಿರುಚುವುದು ಕೇಳಿಸಿತು. ಟೀಚರ್ ಎನ್ನಲಿಲ್ಲ. ಎರ್ಮಿನಿಯಾ ಎಂದ.

ಅವಳು ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದಳು. ಮೈ ಒಣಗಿತ್ತು, ಒಂದು ಹನಿ ಬೆವರಿಲ್ಲ. ಮುಟ್ಟಿದರೆ ಕಾದ ಪಾತ್ರೆಯನ್ನು ಮುಟ್ಟಿದ ಹಾಗೆ. ಕಣ್ಣು ತೆರೆದಿತ್ತು, ನಮ್ಮನ್ನು ನೋಡುತ್ತಿರಲಿಲ್ಲ. ಆ ಕೋಣೆಯಲ್ಲಿ ನಾನೇ ನಿಲ್ಲಲಾರದೆ ಗೋಡೆ ಹಿಡಿದೆ. ಬಾಗಿಲು ಹಾಕಿಕೊಂಡವರೆಲ್ಲ ಓಡಿಬಂದರು. ಚೆಮಾ ಅಜ್ಜ ತನ್ನ ಫ್ರಿಜ್ಜಿನ ಐಸನ್ನೆಲ್ಲ ಬಕೆಟ್ಟಿಗೆ ಸುರಿದು ಕುಂಟುತ್ತ ತಂದ. ಹದಿನಾಲ್ಕನೇ ನಂಬರಿನವಳು ಹಾಸಿಗೆ ಬಟ್ಟೆ ನೆನೆಸಿ ಹೊದಿಸಿದಳು. ನೆಲಕ್ಕೆ ಕೂತು ಅಂಪಾರೊಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು, ಏನೋ ಹಾಡುತ್ತಿದ್ದಳು.

ಆಂಬುಲೆನ್ಸಿನವರು ಒಂದು ಉದ್ದನೆಯ ಜಿಪ್ ಚೀಲ ತಂದರು. ಹೆಣ ಹಾಕುವ ಚೀಲ. ಅದರೊಳಗೆ ಅವಳನ್ನು ಮಲಗಿಸಿದರು. ಕುಕೊ ಅದನ್ನು ನೋಡಿ ಅಲ್ಲೇ ಕುಸಿದ. ಇಲ್ಲ ಇಲ್ಲ, ಬದುಕಿದ್ದಾರೆ, ಐಸ್ ತುಂಬೋಕೆ ಇದೇ ಚೀಲ ಎಂದು ಆಂಬುಲೆನ್ಸಿನ ಹುಡುಗಿ ಅವನ ಭುಜ ಹಿಡಿದು ಮೂರು ಸಲ ಹೇಳಿದಳು. ಚೀಲಕ್ಕೆ ಐಸ್ ಸುರಿದರು. ಕುತ್ತಿಗೆಯವರೆಗೆ ಜಿಪ್ ಎಳೆದರು.

ಅವರು ಹೋದ ಮೇಲೆ ನಾನು ಮೆಟ್ಟಿಲ ಮೇಲೆ ಕೂತೆ. ಹೂಕುಂಡವನ್ನು ಕಾಲಿನಿಂದ ಸರಿಸಿದೆ. ಬೀಗದ ಕೈ ಅಲ್ಲೇ ಇತ್ತು. ಇಡೀ ಪಾರ್ಕಿನಲ್ಲಿ ಅವಳೊಬ್ಬಳು ಅದನ್ನು ತೆಗೆದಿರಲಿಲ್ಲ.

ಅಂಪಾರೊ ಬದುಕಿದಳು. ಹದಿನೈದು ದಿನ ಆಸ್ಪತ್ರೆಯಲ್ಲಿದ್ದಳು. ಮಿದುಳಿಗೆ ಪೆಟ್ಟಾಗಿದೆ, ಎಷ್ಟು ಮರಳುತ್ತದೋ ಹೇಳಲಾಗದು ಎಂದರು. ಕೈ ನಡುಗುತ್ತದೆ, ಚಮಚ ಬಾಯಿಗೆ ಸೇರುವುದಿಲ್ಲ. ನಾನು ಕಿತ್ತಳೆ ಸುಲಿದು ಕೊಟ್ಟೆ. ಬಹಳ ಮರ್ಯಾದೆಯಿಂದ ನಕ್ಕು, "ನಿಮಗೆ ತೊಂದ್ರೆ ಆಯ್ತು ಸೆನ್ಯೋರಾ" ಎಂದಳು. ಗುರುತಿಲ್ಲದ ಹೆಂಗಸಿಗೆ ಹೇಳುವ ಹಾಗೆ. ಕೊಮಾದ್ರೆ ಎಂಬ ಮಾತು ಅವಳಲ್ಲಿ ಉಳಿದಿರಲಿಲ್ಲ.

ಮನೆಗೆ ಕಳಿಸಬೇಕಾದರೆ ಮಲಗುವ ಕೋಣೆ ತಣ್ಣಗಿರಲೇಬೇಕು, ಇನ್ನೊಮ್ಮೆ ಹೀಗಾದರೆ ಉಳಿಯುವುದಿಲ್ಲ ಎಂದು ನರ್ಸ್ ಬರೆದುಕೊಟ್ಟಳು. ಬುಧವಾರ ಕಳಿಸುವುದೆಂದಾಯಿತು.

ಸೋಮವಾರ ನೆರೈದಾ ನನ್ನ ಮನೆಗೆ ಬಂದಳು. ಕೈಯಲ್ಲಿ ಒಂದು ಪುಟದ ಕಾಗದ. ಕೂರಿಸಿ ಓದಿದೆ. ಪಾರ್ಕಿನಲ್ಲಿ ಕಂಪನಿಯ ಪರವಾಗಿ ದಿನಕ್ಕೆರಡು ಸಲ ನಿವಾಸಿಗಳ ಆರೋಗ್ಯ ವಿಚಾರಿಸಲಾಗುತ್ತಿತ್ತು. ತಂಪು ಕೋಣೆ ಇರುವುದನ್ನು ತಿಳಿಸಲಾಗಿತ್ತು. ಜುಲೈ ಹದಿನೇಳರ ಸಂಜೆ ಬಾಗಿಲು ಬಡಿದಾಗ ನಿವಾಸಿ ಉತ್ತರಿಸಲು ಇಷ್ಟಪಡಲಿಲ್ಲ. ಕೆಳಗೆ ನನ್ನ ಹೆಸರು, ಅದರ ಮುಂದೆ ಖಾಲಿ ಗೆರೆ.

ಆಸ್ಪತ್ರೆಯವರು ನಗರಸಭೆಗೆ ದೂರು ಕೊಟ್ಟಿದ್ದಾರಂತೆ, ವಿಚಾರಣೆಗೆ ಜನ ಬರುತ್ತಾರಂತೆ. ನಾನು ರುಜು ಹಾಕಿದರೆ ತರಾಂಗೊ ಮನೆಗೆ ಮಾತ್ರ ವಿಶೇಷ ಒಪ್ಪಿಗೆ ಕೊಡುತ್ತಾರಂತೆ. ಕಿಟಕಿಗೆ ಎ.ಸಿ. ಹಾಕಿಕೊಳ್ಳಬಹುದು. ಮಂಗಳವಾರವೇ ಹಾಕಬಹುದು. ಉಳಿದ ಹದಿನೆಂಟು ಮನೆಯ ಮಾತಿಲ್ಲ.

ನಾನು ಪೆನ್ನು ಹುಡುಕಿದೆ. ಸುಳ್ಳು ಹೇಳಲಾರೆ, ಹುಡುಕಿದೆ. ಅಂಪಾರೊ ತಣ್ಣಗೆ ಮಲಗುತ್ತಾಳೆ ಎಂದರೆ ನನ್ನ ಹೆಸರು ಏನಾದರೇನು ಎನಿಸಿತು. ಆಮೇಲೆ ಕುಕೊ ಹೇಳಿದ್ದು ನೆನಪಾಯಿತು. ಒಂದು ಮಾತು ಕೇಳಬಹುದಿತ್ತಲ್ಲ ಎಂದು. ನೆರೈದಾಗೆ ಇಲ್ಲೇ ಇರು ಎಂದು ಹೇಳಿ ಇಪ್ಪತ್ತೇಳನೇ ನಂಬರಿಗೆ ನಡೆದೆ.

ಕುಕೊ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದ. ಕಾಗದವನ್ನು ನಮ್ಮ ಭಾಷೆಯಲ್ಲಿ ಓದಿ ಹೇಳಿದೆ. ರುಜು ಹಾಕಿದರೆ ಏನು ಸಿಗುತ್ತದೆ ಎಂಬುದನ್ನೂ ಹೇಳಿದೆ. ಅವನು ಬಿಚ್ಚಿದ ಬೂಟನ್ನು ಪಕ್ಕಕ್ಕಿಟ್ಟ.

"ಅವಳು ಇಷ್ಟ ಪಡ್ಲಿಲ್ಲ ಅಂತ ಬರೆದಿದಾರಾ?"

ಹೌದು ಎಂದೆ.

"ನೆಲದ ಮೇಲೆ ಬಿದ್ದಿದ್ಲು. ನಾಲಿಗೆ ಕಚ್ಕೊಂಡಿದ್ಲು. ಇಷ್ಟ ಪಡ್ಲಿಲ್ವಂತಾ?"

ಹಾಗೇ ಬರೆದಿದ್ದಾರೆ, ಅದರ ಕೆಳಗೆ ನಾನು ರುಜು ಹಾಕಬೇಕಂತೆ ಎಂದೆ.

"ಬೇಡ. ನಿಮ್ಮ ಕೈಬರಹದಿಂದ ನಮಗಾಗಿದ್ದು ಸಾಕು. ಇನ್ನೊಂದ್ಸಲ ಬೇಡ."

"ಎ.ಸಿ. ಹೆಂಗೆ ಕುಕೊ? ಬುಧವಾರ ಬರ್ತಾಳೆ."

"ಎ.ಸಿ. ನಂದು. ಗೋಡೆ ನಂದು. ಹಾಕ್ತೀನಿ." ಬೂಟನ್ನು ಮತ್ತೆ ಕಾಲಿಗೆ ಏರಿಸಿದ. "ಅವರೇನ್ ಒಪ್ಪಿಗೆ ಕೊಡೋದು."

ಮನೆಗೆ ಬಂದೆ. ನೆರೈದಾ ನಾನು ಹೇಳಿದಂತೆ ಕೂತೇ ಇದ್ದಳು. ಅಷ್ಟರಲ್ಲಿ ನನ್ನ ಸಿಂಕಿನಲ್ಲಿದ್ದ ಲೋಟಗಳನ್ನು ತೊಳೆದಿಟ್ಟಿದ್ದಳು. ಕಾಗದವನ್ನು ಅವಳ ಮುಂದೆ ಇಟ್ಟೆ.

"ನಾನು ಹಾಕಲ್ಲ."

"ಟೀಚರ್, ನನ್ ಕೆಲ್ಸ ಹೋಗುತ್ತೆ. ಮನೆನೂ ಅವ್ರದ್ದೇ. ಎರಡು ಮಕ್ಕಳನ್ನ ಇಟ್ಕೊಂಡು ನಾನೆಲ್ಲಿಗೆ ಹೋಗ್ಲಿ?"

ಅವಳ ಕಷ್ಟ ನನಗೆ ಕಂಡಿತು. ಕಾಣದೆ ಇರುವುದು ನನಗೆ ಗೊತ್ತಿಲ್ಲ. ಆದರೂ ಕೇಳಿದೆ.

"ಪುಸ್ತಕ ತಗೊಳ್ಳುವಾಗ ನಿಂಗೆ ಗೊತ್ತಿತ್ತಾ?"

ಅವಳು ಲೋಟ ಒರೆಸುವ ಬಟ್ಟೆಯನ್ನು ಮಡಿಚಿದಳು, ಬಿಚ್ಚಿದಳು.

"ಗೊತ್ತಿತ್ತು. ಸರ್ಕಾರದ ಸಹಾಯ ಅಂತ ಹೇಳು, ಮುದುಕಿ ಕೊಡ್ತಾಳೆ ಅಂದಿದ್ರು."

"ಕಣ್ಣಿನ ಡಾಕ್ಟರು? ಐಸು?"

"ಅದನ್ನ ಯಾರೂ ಹೇಳಿರ್ಲಿಲ್ಲ. ಅದು ನಾನೇ."

ಅದು ನಿಜವೆಂದು ನನಗೆ ಗೊತ್ತಾಯಿತು. ಸುಳ್ಳಾಗಿದ್ದರೆ ಚೆನ್ನಾಗಿತ್ತು. ಅವಳು ನಿಜವಾಗಿಯೂ ನನ್ನ ತೊಡೆ ಸುಡಬಾರದೆಂದು ಟವೆಲ್ ಹಾಸಿದ್ದಳು. ಅದೇ ತಿಂಗಳು ನಿಜವಾಗಿಯೂ ನಮ್ಮೆಲ್ಲರನ್ನು ಕಂಪನಿಗೆ ಒಪ್ಪಿಸಿದ್ದಳು. ಇಷ್ಟು ವರ್ಷ ಪೆನ್ಸಿಲ್ ಹಂಚಿಕೊಂಡವರನ್ನು ಮೆಚ್ಚಲು ಮಕ್ಕಳಿಗೆ ಹೇಳಿಕೊಟ್ಟೆ. ಪೆನ್ಸಿಲ್ ಕೊಟ್ಟ ಕೈ ಇನ್ನೇನು ಮಾಡುತ್ತಿದೆ ನೋಡಿ ಎಂದು ಒಂದು ದಿನವೂ ಹೇಳಿಕೊಡಲಿಲ್ಲ.

ಹೋಗು ಎಂದೆ. ವಿಚಾರಣೆಯವರು ಬಂದರೆ ಪುಸ್ತಕದಲ್ಲಿ ಅಂಪಾರೊ ಬಗ್ಗೆ ಬರೆದ ಮೂರೂ ಸಾಲು ಹೇಳುತ್ತೇನೆ ಎಂದೆ. ನಾನು ಬಾಗಿಲು ತೆರೆಯದೆ ಮುಂದೆ ಹೋದದ್ದನ್ನೂ ಹೇಳುತ್ತೇನೆ, ಯಾಕೆ ಹೋದೆ ಎಂಬುದನ್ನೂ.

ಮಂಗಳವಾರ ಮಧ್ಯಾಹ್ನ ಹನ್ನೆರಡು ಗಂಟೆ. ಕುಕೊ ಬೇಕೆಂದೇ ಆ ಹೊತ್ತು ಆರಿಸಿದ್ದ. ಆಫೀಸಿನಲ್ಲಿ ಜನ ಇದ್ದು, ಅವರ ಕಿಟಕಿಯಿಂದ ಎಲ್ಲ ನೇರ ಕಾಣುವ ಹೊತ್ತು. ಮಂಚದ ಕೆಳಗಿನಿಂದ ಎ.ಸಿ. ಎಳೆದ. ಕಳಚಿದ್ದ ಮೂರು ತಗಡನ್ನೂ ತಂದು ಗೋಡೆಗೆ ಒರಗಿಸಿದ. ಏಣಿ ಹಾಕಿದ. ನೆಲ ಕುದಿಯುತ್ತಿತ್ತು. ಏಣಿಯ ಕಾಲು ಮೆತ್ತಗಾದ ಡಾಂಬರಿನಲ್ಲಿ ಇಳಿಯಿತು. ಯಾರನ್ನೂ ಕರೆಯಲಿಲ್ಲ.

ನಾನು ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಹೋಗಿ ಏಣಿ ಹಿಡಿದೆ. ಮೇಲಿನಿಂದ ಒಮ್ಮೆ ನೋಡಿದ.

"ಗಟ್ಟಿಯಾಗಿ ಹಿಡೀರಿ" ಎಂದ. ಅಷ್ಟೇ.

ಮೂಲೆ ಮನೆಯ ಬಾಗಿಲು ತೆರೆಯಿತು. ಚೆಮಾ ಅಜ್ಜ ಬಂದು ಸ್ಕ್ರೂ ಹಿಡಿದು ನಿಂತ. ಅವನ ಕೈಯಿಂದ ಎರಡು ಜಾರಿ ಬಿದ್ದವು. ಹದಿನಾಲ್ಕನೇ ನಂಬರಿನವಳು ಬಿಸಿ ನೆಲದಿಂದ ಅವನ್ನು ಹೆಕ್ಕಿ, ಬೆರಳು ಸುಟ್ಟುಕೊಂಡು, ಒಂದು ಬೈಗುಳ ಬೈದು, ತಾನೇ ಇಟ್ಟುಕೊಂಡಳು. ನನ್ನ ಜೊತೆ ಯಾರಾದರೂ ಮಾತಾಡಲಿ ಎಂದು ನಾನು ಕಾಯಲಿಲ್ಲ. ಅವರೂ ಆಡಲಿಲ್ಲ.

ಕೊನೆಯ ಸ್ಕ್ರೂ ಬಿಗಿಯುವಾಗ ನೆರೈದಾ ಆಫೀಸಿನಿಂದ ಹೊರಗೆ ಬಂದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ರಸ್ತೆಯ ನಡುವೆ ನಿಂತಳು. ಕೈಯಲ್ಲಿ ಫೋನಿತ್ತು. ಟೀಚರ್, ನೀವು ಪಕ್ಕಕ್ಕೆ ಹೋಗಿ, ನಿಮ್ಮ ಹೆಸರು ಇದರಲ್ಲಿ ಬರುವುದು ಬೇಡ ಎಂದಳು. ಆ ಮಾತೂ ನನ್ನ ಮೇಲಿನ ಅಕ್ಕರೆಯಿಂದಲೇ ಬಂತು. ನಾನು ಏಣಿ ಬಿಡಲಿಲ್ಲ. ನಾನು ಅವಳನ್ನು ನೋಡಿ, ತೆಗಿ ಎಂದೆ. ನನ್ನ ಮುಖ ಬರುವ ಹಾಗೆ ತೆಗಿ, ಮೂರನೇ ನಂಬರು, ಎರ್ಮಿನಿಯಾ ಬರಾಸಾ ಎಂದು ಬರಿ ಎಂದೆ. ಸಮಾಧಾನವಾಗಿಯೇ ಹೇಳಿದೆ. ನಾನು ಯಾವತ್ತೂ ದನಿ ಎತ್ತಿದವಳಲ್ಲ.

ಅವಳು ತೆಗೆದಳು.

ಬುಧವಾರ ಅಂಪಾರೊ ಬಂದಳು. ಈಗ ಆ ಕೋಣೆಯಲ್ಲಿ ಮಲಗುತ್ತಾಳೆ. ನನ್ನನ್ನು ಇನ್ನೂ ಸೆನ್ಯೋರಾ ಎನ್ನುತ್ತಾಳೆ. ಕುಕೊಗೆ ಎರಡನೇ ನೋಟೀಸು ಬಂದಿದೆ. ನನಗೆ ಮೊದಲನೆಯದು. ಅದಕ್ಕೆ ಪಿನ್ ಮಾಡಿದ ಫೋಟೊವನ್ನು ಕನ್ನಡಕ ಹಾಕಿಕೊಂಡು ನೋಡಿದೆ. ಏಣಿ, ತಗಡು, ರಸ್ತೆಗೆ ಕಾಣುವ ಕಿಟಕಿ. ಏಣಿಯ ಬುಡದಲ್ಲಿ ಕೂದಲು ಬಿಚ್ಚಿಹೋದ ಒಬ್ಬ ಮುದುಕಿ. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿದೆ. ಬಾಯಿ ಇಷ್ಟಗಲ ತೆರೆದಿದೆ. ಅಕ್ಕಪಕ್ಕದವರೆಲ್ಲ ಬೆಚ್ಚಿ ಅವಳ ಕಡೆ ತಿರುಗಿದ್ದಾರೆ.

ನಾನು ಕೂಗುತ್ತಿದ್ದೆನೆಂದು ನನಗೆ ಗೊತ್ತೇ ಇರಲಿಲ್ಲ.